ಸ್ಟೆಬಿಲೈಸರ್ ತರುವ ಮೊದಲು ಇಸ್ತ್ರಿಪೆಟ್ಟಿಗೆ ತೆಗೆದುಕೊಂಡು ಪಂಪ್ ಶೆಡ್ಡಿಗೆ ಹೋಗಿ

ಅಣ್ಣಾ, ಸ್ಟೆಬಿಲೈಸರಿಗೆ ಇವತ್ತು ದುಡ್ಡು ಕೊಡಬೇಡಿ. ನೀವು ಬರೆದದ್ದನ್ನು ಎರಡು ಸಲ ಓದಿದೆ. ಮೀಟರ್ ಬೋರ್ಡಿನಿಂದ ಕೆರೆಯ ಹತ್ತಿರದ ಶೆಡ್ಡಿಗೆ 150 ಮೀಟರ್, 1.5 ಸ್ಕ್ವೇರ್ ಎಮ್ಎಮ್ ದಪ್ಪದ ತಾಮ್ರದ ವಯರು, 1 ಎಚ್‌ಪಿ ಸಿಂಗಲ್ ಫೇಸ್ ಮೋಟರು ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ. ಶೆಡ್ಡಿನಲ್ಲಿ ವೋಲ್ಟೇಜ್ 228. ವೈಂಡಿಂಗಿಗೆ ಮಲ್ಟಿಮೀಟರ್ ಹಿಡಿದರೆ 3 ಓಮ್, 228ನ್ನು 3ರಿಂದ ಭಾಗಿಸಿದರೆ 76 ಆಂಪಿಯರ್, ಆದ್ದರಿಂದ ಮೋಟರು ಶಾರ್ಟ್ ಅಂತ ಅಂದಾಜು ಮಾಡಿದ್ದೀರಿ. ನಾನೂ ಇದೇ ಲೆಕ್ಕ ಹಾಕಿ ಒಳ್ಳೆಯ ಮೋಟರಿಗೆ ಎರಡು ಸಲ ವೈಂಡಿಂಗ್ ಮಾಡಿಸಿದವನು.

ಮಲ್ಟಿಮೀಟರ್ ತೋರಿಸುವ 3 ಓಮ್ ಬರೀ ತಂತಿಯದ್ದು. ಎಸಿ ಹರಿಯುವಾಗ ಸುರುಳಿಯ ಇಂಡಕ್ಟೆನ್ಸ್ ತಡೆಯುತ್ತದೆ, ರೋಟರ್ ತಿರುಗಿದ ಮೇಲೆ ಕರೆಂಟು ಇನ್ನೂ ಇಳಿಯುತ್ತದೆ. ಅದಕ್ಕೇ ನೇಮ್‌ಪ್ಲೇಟಿನಲ್ಲಿ 7 ಆಂಪಿಯರ್ ಅಂತ ಇರುವುದು. ಆ 3 ಓಮ್ ಬೇಕಾಗುವುದು ವೈಂಡಿಂಗ್ ಎಷ್ಟು ಬಿಸಿಯಾಗುತ್ತದೆ ಅಂತ ನೋಡಲಿಕ್ಕೆ: 7×7×3, ಅಂದರೆ 147 ವಾಟ್. ಇನ್ನು 230×7 ಅಂತ ಗುಣಿಸಿ 1610 ವಾಟ್ ಅನ್ನಬೇಡಿ, ಮೋಟರಿಗೆ ಪವರ್ ಫ್ಯಾಕ್ಟರ್ ಉಂಟು, ಅಂದರೆ ಆ ಗುಣಾಕಾರದಲ್ಲಿ ನಿಜವಾದ ವಾಟ್ ಆಗುವ ಪಾಲು. 0.75 ಹಿಡಿದರೆ 1200 ವಾಟಿನ ಹತ್ತಿರ.

ಎರಡನೇ ತಪ್ಪು ದೊಡ್ಡದು. 228 ನೋಡಿದ್ದು ಮೋಟರು ಆಫ್ ಇರುವಾಗ ಅಲ್ವಾ? ಕರೆಂಟು ಹರಿಯದಿದ್ದರೆ ವಯರಿನಲ್ಲಿ ವೋಲ್ಟೇಜ್ ಇಳಿಯುವುದೇ ಇಲ್ಲ ಮಾರಾಯ್ರೇ, ಕೂದಲಿನಷ್ಟು ಸಪೂರ ವಯರಿನಲ್ಲೂ 228 ಬರುತ್ತದೆ. ಲೋಡ್ ಹಾಕಿ ನೋಡಬೇಕು. ಅದಕ್ಕೆ ನನ್ನ ದಾರಿ ಇಸ್ತ್ರಿಪೆಟ್ಟಿಗೆ.

1000 ವಾಟಿನದ್ದು ಬೇಕು. 230ರ ವರ್ಗವನ್ನು 1000ದಿಂದ ಭಾಗಿಸಿದರೆ 53 ಓಮ್. ಅದರ ಕಾಯಿಲ್ ಬಿಸಿಯಾದರೂ ರೆಸಿಸ್ಟೆನ್ಸ್ ಹೆಚ್ಚು ಬದಲಾಗುವುದಿಲ್ಲ, ಪವರ್ ಫ್ಯಾಕ್ಟರಿನ ತಲೆಬಿಸಿಯೂ ಇಲ್ಲ. ಹಳೇ ಫಿಲಮೆಂಟ್ ಬಲ್ಬಿನಲ್ಲಿ ಮಾಡಲಿಕ್ಕೆ ಹೋಗಬೇಡಿ, ತಣ್ಣಗಿರುವಾಗ ಅದರ ಓಮ್ ಉರಿಯುವಾಗಿನ ಹತ್ತನೇ ಒಂದು ಪಾಲೂ ಇರುವುದಿಲ್ಲ. ಪೆಟ್ಟಿಗೆಯ ನಾಬ್ ಪೂರ್ತಿ ತಿರುಗಿಸಿ, ಅದರ ದೀಪ ಉರಿಯುತ್ತಿರುವಾಗಲೇ ಓದಬೇಕು. ಕಾಲಿಗೆ ಚಪ್ಪಲಿ, ಕೆಳಗೆ ಒಣ ಹಲಗೆ, ಲೈನಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್). ಒದ್ದೆ ನೆಲದಲ್ಲಿ ನಿಂತು ಮಾಡುವುದಾದರೆ ಬೇಡವೇ ಬೇಡ.

ನನ್ನದು 2.5ರ ವಯರು, ದೂರ ನಿಮ್ಮಷ್ಟೇ. ಪೆಟ್ಟಿಗೆ ಹಾಕುವ ಮೊದಲು ಶೆಡ್ಡಿನಲ್ಲಿ 229, ಹಾಕಿದ ಮೇಲೆ 210. ಅದೇ ಹೊತ್ತಿಗೆ ಬೋರ್ಡಿನ ಹತ್ತಿರ ಮಗ ನೋಡಿದಾಗ 229 ಇದ್ದದ್ದು 227. ಆ 2 ವೋಲ್ಟು ರಸ್ತೆಯ ಲೈನಿನದ್ದು, ಕಳೆಯಿರಿ. ನನ್ನ ವಯರಿನಲ್ಲಿ ಹೋದದ್ದು 17. ಕರೆಂಟು 210 ಭಾಗ 53, ಸುಮಾರು 4 ಆಂಪಿಯರ್. 17ನ್ನು ಅದರಿಂದ ಭಾಗಿಸಿದರೆ 4.3 ಓಮ್. ಆದರೆ 2.5ರ ಫ್ಲೆಕ್ಸಿಬಲ್ ವಯರಿಗೆ ಕಿಲೋಮೀಟರಿಗೆ 8 ಓಮ್. ಹೋಗಿ ಬರುವಾಗ 300 ಮೀಟರ್, 2.4 ಓಮ್ ಮಾತ್ರ ಇರಬೇಕಿತ್ತು. ಉಳಿದ 1.9 ಎಲ್ಲಿ?

ಒಂದು ಕಂಗಿನ (ಅಡಿಕೆ ಮರದ) ಬುಡದಲ್ಲಿ ಸಿಕ್ಕಿತು. ಹೆಗ್ಗಣ ಕಡಿದ ಜಾಗದಲ್ಲಿ ನಾನೇ ಕೈಯಲ್ಲಿ ತಿರುಚಿ ಟೇಪು ಸುತ್ತಿದ ಜಾಯಿಂಟು. ಟೇಪು ಕರಗಿ ಕಪ್ಪಾಗಿತ್ತು, ತಾಮ್ರ ಹಸಿರು ಹಿಡಿದಿತ್ತು. 7×7×1.9, ಅಂದರೆ 93 ವಾಟ್. ಮೋಟರು ನಡೆಯುವಷ್ಟು ಹೊತ್ತೂ ಒಂದು 100 ವಾಟಿನ ಬಲ್ಬಿನಷ್ಟು ಬಿಸಿ ಆ ಹೆಬ್ಬೆರಳಷ್ಟು ಜಾಗದಲ್ಲಿ. ಸುತ್ತ ಒಣ ಸೋಗೆ ಬಿದ್ದಿತ್ತು. ಇವತ್ತಿಗೂ ನೆನೆದರೆ ಮೈ ಝುಂ ಅನ್ನುತ್ತದೆ.

ನಿಮ್ಮ 1.5ರ ವಯರಿಗೆ ಕಿಲೋಮೀಟರಿಗೆ 13.3 ಓಮ್. 300 ಮೀಟರಿಗೆ 4 ಓಮ್, ಜಾಯಿಂಟೆಲ್ಲ ಸರಿ ಇದ್ದರೂ. ಓಡುವಾಗ 28 ವೋಲ್ಟು ಕಳೆದುಹೋಗುತ್ತದೆ, 196 ವಾಟ್ ವಯರನ್ನು ಕಾಯಿಸಲಿಕ್ಕೆ ಹೋಗುತ್ತದೆ. ಸ್ಟಾರ್ಟ್ ಆಗುವಾಗ ಕರೆಂಟು ಐದಾರು ಪಟ್ಟು. ಆಗ ಮೋಟರಿಗೆ ಸಿಗುವುದು 150 ವೋಲ್ಟಿನ ಆಸುಪಾಸು. ಟಾರ್ಕ್, ಅಂದರೆ ತಿರುಗಿಸುವ ಬಲ, ವೋಲ್ಟೇಜಿನ ವರ್ಗದಂತೆ ಇಳಿಯುತ್ತದೆ, ಅರ್ಧಕ್ಕಿಂತ ಕಮ್ಮಿ ಉಳಿಯುತ್ತದೆ. ಗುಂಯ್ ಅನ್ನದೆ ಎಂತ ಮಾಡೀತು? ಶೆಡ್ಡಿನಲ್ಲಿ ಸ್ಟೆಬಿಲೈಸರ್ ಇಟ್ಟರೆ ಅದು ವೋಲ್ಟೇಜ್ ಎತ್ತಲಿಕ್ಕೆ ಇದೇ ಸಪೂರ ವಯರಿನಿಂದ ಇನ್ನಷ್ಟು ಕರೆಂಟು ಎಳೆಯುತ್ತದೆ.

4 ಸ್ಕ್ವೇರ್ ಎಮ್ಎಮ್ ಹಾಕಿ, ಒಂದೂವರೆ ಓಮಿಗೆ ಇಳಿಯುತ್ತದೆ. ಮುಂದೆ 1.5 ಎಚ್‌ಪಿ ಇಡುವ ಯೋಚನೆ ಇದ್ದರೆ 6. ನಾನು ಫಿನೋಲೆಕ್ಸ್ ಹಾಕಿದ್ದು, ಪಾಲಿಕ್ಯಾಬ್ ಆದರೂ ಅಡ್ಡಿಲ್ಲ. ಹೆಸರಿಲ್ಲದ ವಯರು ಮಾತ್ರ ಕಮ್ಮಿಗೆ ಸಿಗುತ್ತದೆ ಅಂತ ತರಬೇಡಿ, 2.5 ಅಂತ ಬರೆದು ಒಳಗೆ ಎಳೆ ಕಮ್ಮಿ ಇರುತ್ತದೆ. 90 ಮೀಟರಿನ 2.5ರ ಕಾಯಿಲಿಗೆ 0.72 ಓಮಿಗಿಂತ ಹೆಚ್ಚು ಬರಬಾರದು. ಸಾದಾ ಮೀಟರಿನಲ್ಲಿ ನೋಡುವುದಾದರೆ ಮೊದಲು ಎರಡು ಪ್ರೋಬ್ ಮುಟ್ಟಿಸಿ ಬರುವ ಅಂಕೆಯನ್ನು ಕಳೆಯಿರಿ. ಓಮಿನಲ್ಲಿಟ್ಟ ಮೀಟರನ್ನು ಕರೆಂಟಿರುವ ಲೈನಿಗೆ ಯಾವತ್ತೂ ಮುಟ್ಟಿಸಬಾರದು.

ಮೋಟರನ್ನು ಸ್ಟಾರ್ಟ್ ಮಾಡಿಸುವ ಕೆಪಾಸಿಟರ್ ಹೋದರೂ ಹೀಗೇ ಗುಂಯ್ ಅನ್ನುತ್ತದೆ, ಅದನ್ನೂ ಬದಲಿಸಿ ನೋಡಿ. ಆದರೆ ಪುನಃ ಪುನಃ ಸ್ವಿಚ್ ಹಾಕಿ ಪರೀಕ್ಷೆ ಮಾಡಬೇಡಿ, ತಿರುಗದೆ ನಿಂತ ಮೋಟರು ನಿಮಿಷದೊಳಗೆ ಸುಡುತ್ತದೆ. ಜಾಯಿಂಟು ಬಿಚ್ಚುವಾಗ ಮೈನ್ ಆಫ್. ಟೆಸ್ಟರ್ ಉರಿಯಲಿಲ್ಲ ಅಂತ ನಂಬಿ ಕೈ ಹಾಕಬಾರದು. ಹೊಸ ವಯರನ್ನು ಕಂಗಿಗೆ ಬಿಗಿಯಾಗಿ ಕಟ್ಟಬೇಡಿ, ಗಾಳಿಗೆ ಮರ ಓಲಾಡುವಾಗ ಎಳೆದು ಒಳಗೇ ತುಂಡಾಗುತ್ತದೆ. ಪೈಪಿನೊಳಗೆ ಹಾಕಿ ಹೂತರೆ ಹೆಗ್ಗಣದ ಉಪದ್ರವೂ ಕಮ್ಮಿ. ಸಿಡಿಲಿನ ದಿನಗಳಲ್ಲಿ ಶೆಡ್ಡಿನ ಪ್ಲಗ್ ತೆಗೆದೇ ಇಡಿ.

ನಾಳೆ ಬೆಳಿಗ್ಗೆ ಬೋರ್ಡಿನಲ್ಲಿ ಎರಡು, ಶೆಡ್ಡಿನಲ್ಲಿ ಎರಡು, ಒಟ್ಟು ನಾಲ್ಕು ಅಂಕೆ ತೆಗೆದು ಇಲ್ಲಿ ಹಾಕಿ. ಪೆಟ್ಟಿಗೆಯ ವಾಟ್ ಎಷ್ಟು ಅಂತಲೂ ಬರೆಯಿರಿ, ಅದು 750ರದ್ದಾದರೆ 53ರ ಬದಲು 70 ಓಮ್ ಹಿಡಿಯಬೇಕು.