17 ನಿಮಿಷದ ಆಲ್ಬಮ್, ಎರಡು ದಿನದ ಉಪವಾಸ

ಪ್ರಶ್ನೆ: ಅಣ್ಣಾ, ನನ್ನ ಮಗನಿಗೆ 22 ವರ್ಷ. ಐರೋಲಿಯಲ್ಲಿ ಕಂಪ್ಯೂಟರ್ ಕೆಲಸ. ಶನಿವಾರ, ಭಾನುವಾರ ಮೂವರು ಗೆಳೆಯರ ಜೊತೆ ಸೇರಿ ಡ್ರಮ್ಸ್ ಬಾರಿಸುತ್ತಾನೆ. ಹಾರ್ಡ್‌ಕೋರ್ ಪಂಕ್ ಅಂತೆ, ಒಂಥರಾ ವೇಗದ, ಅಬ್ಬರದ ರಾಕ್. ಉಳಿದ ದಿನ ಮನೆಯಲ್ಲಿ ತಲೆದಿಂಬಿನ ಮೇಲೆ ಬಡಿಯುತ್ತಾನೆ. ಹೋದ ತಿಂಗಳು ಅವರ ಮೊದಲ ಆಲ್ಬಮ್ ಬಂತು. 11 ಹಾಡು, ಎಲ್ಲ ಸೇರಿ 17 ನಿಮಿಷ. ಇಬ್ಬರು ವಿಮರ್ಶೆ ಬರೆದರು. ಒಬ್ಬರು ತುಂಬಾ ಹೊಗಳಿದ್ದಾರೆ. ಇನ್ನೊಬ್ಬರು, ಎಲ್ಲ ಹಾಡೂ ಒಂದೇ ತರಹ, ಮಾತು ತಿಳಿಯುವುದಿಲ್ಲ, ಬೇಸ್ ಗಿಟಾರ್ ಕೇಳುವುದೇ ಇಲ್ಲ, ನಾಲ್ಕನೇ ಹಾಡಿನಲ್ಲಿ ಡ್ರಮ್ಮರ್ ಓಡುತ್ತಾನೆ ಎಂದಿದ್ದಾರೆ. ಅದನ್ನು ಓದಿ ಮಗ ಎರಡು ದಿನ ಊಟ ಬಿಟ್ಟ. ನೀರುದೋಸೆ ಮಾಡಿಟ್ಟರೂ ಮುಟ್ಟಲಿಲ್ಲ. ನಾನೂ ಕೇಳಿ ನೋಡಿದೆ, ಏನೂ ಅರ್ಥವಾಗಲಿಲ್ಲ. ನಿಜಕ್ಕೂ ಅಷ್ಟು ಕೆಟ್ಟದಾಗಿದೆಯಾ? ಬಿಟ್ಟುಬಿಡು ಮಗಾ ಅಂತ ಹೇಳಲಾ? ಆಲ್ಬಮ್ಮನ್ನೂ ಎರಡು ವಿಮರ್ಶೆಗಳನ್ನೂ ಕಳಿಸಿದ್ದೇನೆ.
— ಒಬ್ಬ ತಾಯಿ, ಡೊಂಬಿವಲಿ

ಉತ್ತರ: ಅಕ್ಕ, ನಿಮಗೆ ಅರ್ಥವಾಗದ್ದಕ್ಕೆ ನಾಚಿಕೆ ಬೇಡ. ನನ್ನ ಕಥೆ ಕೇಳಿ.

ಕುಂದಾಪುರದ ಕಡೆಯಿಂದ ಬಂದ ನಾನು ಮೊದಲು ಹೋಟೆಲಲ್ಲಿ ತಟ್ಟೆ ಎತ್ತಿದೆ. ರಾತ್ರಿ ಶಾಲೆಯಲ್ಲಿ ಕನ್ನಡ ಮೀಡಿಯಂ ಮುಗಿಸಿದೆ. ಆಮೇಲೆ ಧೋಬಿ ತಲಾವ್ ಹತ್ತಿರ ಕ್ಯಾಸೆಟ್ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ಖಾಲಿ ಕ್ಯಾಸೆಟ್ ತಂದರೆ ಹಾಡು ತುಂಬಿಸಿ ಕೊಡುವುದೂ ನಮ್ಮ ಕೆಲಸವಾಗಿತ್ತು. ಒಂದು ದಿನ ಒಬ್ಬ ಕಾಲೇಜು ಹುಡುಗ ಅಮೆರಿಕದ ಕಸಿನ್ ಕೊಟ್ಟ ಹಳದಿ ಕವರಿನ ಕ್ಯಾಸೆಟ್ ತಂದ. ಬ್ಯಾಡ್ ಬ್ರೇನ್ಸ್ ಎಂಬ ಬ್ಯಾಂಡಿನ ಮೊದಲ ಆಲ್ಬಮ್. 1982ರಲ್ಲಿ ಅದು ಕ್ಯಾಸೆಟ್ಟಾಗಿಯೇ ಬಂದದ್ದು. ಡೆಕ್ಕಿಗೆ ಹಾಕಿದೆ. ಹಾಕಿದ ಕೂಡಲೇ ತೆಗೆದೆ. ಮೋಟರ್ ಕೆಟ್ಟು ಟೇಪ್ ಜೋರಾಗಿ ಓಡುತ್ತಿದೆ ಅಂದುಕೊಂಡೆ. ಪರೀಕ್ಷೆಗೆ ರಾಜ್‌ಕುಮಾರ್ ಕ್ಯಾಸೆಟ್ ಹಾಕಿದೆ. ಅಣ್ಣಾವ್ರು ಸರಿಯಾಗಿಯೇ ಹಾಡಿದರು. ಸ್ಪಿರಿಟ್ ಹಚ್ಚಿ ಹೆಡ್ ಒರೆಸಿ ಮತ್ತೆ ಹಳದಿ ಕ್ಯಾಸೆಟ್ ಹಾಕಿದೆ. ಅದೇ ಓಟ. ಕೆಲವು ಹಾಡಾದ ಮೇಲೆ ಇದ್ದಕ್ಕಿದ್ದಂತೆ ರೆಗೆ ಎಂಬ ಜಮೈಕಾದ ನಿಧಾನದ ಸಂಗೀತ ಬಂತು. ಈಗ ಮೋಟರ್ ಪೂರ್ತಿ ಕೈಕೊಟ್ಟಿತು ಅಂದೆ. ಹುಡುಗ ಕೌಂಟರ್ ಹಿಡಿದುಕೊಂಡು ನಕ್ಕ. "ಅಂಕಲ್, ಅದು ಇರೋದೇ ಹಾಗೆ" ಅಂದ.

ಅವರು ಹಾಗೆ ಬಾರಿಸಿದ್ದು ಬಾರಿಸಲು ಬರದೆ ಅಲ್ಲ ಎಂದು ಆಮೇಲೆ ಗೊತ್ತಾಯಿತು. ಮೊದಲು ಅವರು ಜ್ಯಾಝ್ ಫ್ಯೂಷನ್ ಎಂಬ ಕಷ್ಟದ ಸಂಗೀತ ಬಾರಿಸುತ್ತಿದ್ದವರು. ಬೇಕೆಂದೇ ಅಷ್ಟು ವೇಗಕ್ಕೆ ಇಳಿದವರು.

ಹಾರ್ಡ್‌ಕೋರ್ ಹುಟ್ಟಿದ್ದು 1980ರ ಆಸುಪಾಸು. ಕ್ಯಾಲಿಫೋರ್ನಿಯಾ, ವಾಷಿಂಗ್ಟನ್ ಕಡೆಯ ಹುಡುಗರು ಪಂಕನ್ನು ಇನ್ನಷ್ಟು ಬಿಗಿ ಮಾಡಿದರು, ಇನ್ನಷ್ಟು ಓಡಿಸಿದರು. ಹಾಗಾಗಿ 17 ನಿಮಿಷ ಎಂದರೆ ಕಳ್ಳ ತೂಕ ಅಂತ ತಿಳಿಯಬೇಡಿ. ಸರ್ಕಲ್ ಜರ್ಕ್ಸ್ ಎಂಬವರು 1980ರಲ್ಲಿ ತಂದ ಮೊದಲ ಆಲ್ಬಮ್ಮಿನಲ್ಲಿ 14 ಹಾಡು, ಸುಮಾರು 15 ನಿಮಿಷ. (ಅದರ ಹೆಸರು ಮನೆಮಂದಿ ಓದುವ ಪತ್ರಿಕೆಗೆ ಬೇಡ. ಮಗನನ್ನೂ ಕೇಳಬೇಡಿ.) ಮೈನರ್ ಥ್ರೆಟ್ ಎಂಬ ವಾಷಿಂಗ್ಟನ್ ಹುಡುಗರ ಒಂದು ಹಾಡು 46 ಸೆಕೆಂಡಿನದು. ನಾನು ಕುಡಿಯುವುದಿಲ್ಲ, ಸೇದುವುದಿಲ್ಲ, ನನಗೆ ಬೇರೆ ಕೆಲಸ ಇದೆ ಎಂಬ ಅರ್ಥದ ಹಾಡು ಅದು. ಆ ಹಾಡಿನ ಹೆಸರಿನಲ್ಲೇ ಕುಡಿತ ಬಿಟ್ಟವರ ಒಂದು ಪಂಥ ಬೆಳೆಯಿತು. ನೀವು ಪತ್ರದಲ್ಲಿ ಬರೆಯದೆ ಬಿಟ್ಟ ಭಯಕ್ಕೆ ಇದನ್ನು ಹೇಳಿದೆ.

ಇನ್ನೊಂದು ಸಂಗತಿ ತಾಯಂದಿರಿಗೆ ಎಂದೇ ಇದೆ. 1981ರಲ್ಲಿ ಬ್ಲ್ಯಾಕ್ ಫ್ಲ್ಯಾಗ್ ಬ್ಯಾಂಡಿನ ಮೊದಲ ಆಲ್ಬಮ್ ಅಚ್ಚಾಯಿತು. ಅದನ್ನು ಅಂಗಡಿಗಳಿಗೆ ಹಂಚಬೇಕಿದ್ದ ದೊಡ್ಡ ಕಂಪನಿಯ ಯಜಮಾನ ಹಂಚುವುದಿಲ್ಲ ಎಂದ. ಒಬ್ಬ ತಂದೆಯಾಗಿ ನನಗಿದು ತಂದೆತಾಯಂದಿರ ವಿರುದ್ಧದ ರೆಕಾರ್ಡ್ ಅನಿಸುತ್ತದೆ ಎಂಬುದು ಅವನ ಕಾರಣ. ಹುಡುಗರು ಕೊರಗುತ್ತಾ ಕೂರಲಿಲ್ಲ. ಅದೇ ಮಾತನ್ನು ಸ್ಟಿಕ್ಕರ್ ಮಾಡಿಸಿ, ಆಲ್ಬಮ್ ಮೇಲಿದ್ದ ಆ ಕಂಪನಿಯ ಗುರುತಿನ ಮೇಲೇ ಅಂಟಿಸಿ ಮಾರಿದರು. ನಿಮ್ಮ ಮಗನಿಗೆ ಈ ಕಥೆ ಗೊತ್ತಿರುತ್ತದೆ. ಗೊತ್ತಿದ್ದೂ ಊಟ ಬಿಟ್ಟನಲ್ಲ, ಅದೇ ಸೋಜಿಗ. ಬೇರೆಯವರ ಆಲ್ಬಮ್ ಬೇರೆ, ನಮ್ಮದು ಬೇರೆ, ಅಲ್ವಾ?

ಈಗ ವಿಮರ್ಶೆಗೆ ಬರೋಣ. ಅಂಗಡಿಯಲ್ಲಿದ್ದಾಗ ಕಲಿತ ಒಂದು ಅಭ್ಯಾಸ ನನಗಿದೆ. ವಿಮರ್ಶೆ ಓದುವಾಗ ಕೈಯಲ್ಲಿ ಪೆನ್ಸಿಲ್ ಇರುತ್ತದೆ. ಯಾವ ಮಾತು ಈ ಆಲ್ಬಮ್ ಬಗ್ಗೆ, ಯಾವ ಮಾತು ಇಡೀ ಸಂಗೀತ ಪ್ರಕಾರದ ಬಗ್ಗೆ ಎಂದು ಗೆರೆ ಎಳೆಯುತ್ತೇನೆ. ಪ್ರಕಾರದ ಬಗ್ಗೆ ಇದ್ದದ್ದನ್ನು ಹೊಡೆದುಹಾಕುತ್ತೇನೆ. ಉಳಿದದ್ದಷ್ಟೇ ವಿಮರ್ಶೆ.

"ಎಲ್ಲ ಹಾಡೂ ಒಂದೇ ತರಹ." ಇದು ಹೋಗಲಿ. ನಮ್ಮ ಅಂಗಡಿ ಯಜಮಾನರು ಗೋವಾದವರು, ಪಿಯಾನೋ ಬಲ್ಲವರು. ಒಮ್ಮೆ ಅವರನ್ನು ಮಾಟುಂಗಾದಲ್ಲಿ ಯಕ್ಷಗಾನಕ್ಕೆ ಕರೆದುಕೊಂಡು ಹೋಗಿದ್ದೆ. ಒಂದು ಗಂಟೆ ಕೂತು, "ಇವರು ಹಾಡು ಯಾವಾಗ ಬದಲಾಯಿಸುತ್ತಾರೆ?" ಅಂದರು. ಅಷ್ಟರಲ್ಲಿ ಭಾಗವತರು ಮೂರು ತಾಳ ದಾಟಿ ಹೋಗಿದ್ದರು. ಯಜಮಾನರ ಕಿವಿಯಲ್ಲಿ ದೋಷವಿರಲಿಲ್ಲ. ಚೆಂಡೆಯ ಸದ್ದಿನ ಒಳಗೆ ಹೋಗಲು ಅವರಿಗೆ ಬಾಗಿಲು ಸಿಕ್ಕಿರಲಿಲ್ಲ ಅಷ್ಟೆ.

"ಮಾತು ತಿಳಿಯುವುದಿಲ್ಲ." ಇದೂ ಮುಕ್ಕಾಲು ಪಾಲು ಹೋಗಲಿ. ಈ ಸಂಗೀತದಲ್ಲಿ ಸಿಂಬಲ್‌ಗಳ, ಅಂದರೆ ಡ್ರಮ್ಸ್ ಜೊತೆಗಿನ ಲೋಹದ ತಟ್ಟೆಗಳ, ಝಣಝಣ ಬಿಡುವಿಲ್ಲದೆ ಇರುತ್ತದೆ. ನಮ್ಮ ಮಾತಿನಲ್ಲಿ ಸ, ಶ, ತ, ಚ ಸ್ಪಷ್ಟವಾಗುವ ಎತ್ತರದ ಸದ್ದಿನ ಜಾಗದಲ್ಲೇ ಸಿಂಬಲ್ ಕೂಗುತ್ತದೆ. ವ್ಯಂಜನ ಮುಳುಗುತ್ತದೆ, ಸ್ವರ ಮಾತ್ರ ಉಳಿಯುತ್ತದೆ. ಅದಕ್ಕೇ ನಿಮಗೆ ಬರೀ ಆ, ಓ ಎಂದು ಕೇಳಿಸಿದ್ದು. ಸಾಹಿತ್ಯದ ಹಾಳೆಯನ್ನು ಎದುರಿಗೆ ಇಟ್ಟುಕೊಂಡು ಕೇಳಿ. ಆರನೇ ಹಾಡು ಡೊಂಬಿವಲಿಯ ಬೆಳಗಿನ ಲೋಕಲ್ ಬಗ್ಗೆ ಇದೆ. ಬಾಗಿಲಿಗೆ ಜೋತುಬಿದ್ದವನು ಒಳಗಿರುವವರನ್ನು ಬೈಯುವ ಹಾಡು. ನಿಮಗೆ ಒಂದು ಸಾಲೂ ವಿವರಿಸಬೇಕಾಗಿಲ್ಲ.

"ಬೇಸ್ ಕೇಳುವುದೇ ಇಲ್ಲ." ಇಲ್ಲಿ ಪೆನ್ಸಿಲ್ ನಿಲ್ಲುತ್ತದೆ. ಇದು ಈ ಆಲ್ಬಮ್ ಬಗ್ಗೆಯೇ ಇರುವ ಮಾತು, ಮತ್ತು ಸರಿಯಾದ ಮಾತು. ನಾನು ಸಯನ್‌ನಲ್ಲಿ ರೈಲು ಹತ್ತಿ ಹೆಡ್‌ಫೋನ್ ಹಾಕಿಕೊಂಡೆ. ಬಾಯ್ಕಳ ಬರುವಷ್ಟರಲ್ಲಿ ಆಲ್ಬಮ್ ಮುಗಿಯಿತು. ವಾಪಸು ಬರುವಾಗ ಮತ್ತೆ ಕೇಳಿದೆ. ಮನೆಯಲ್ಲಿ ಸ್ಪೀಕರಿನಲ್ಲಿ ಮೂರನೇ ಸಲ. ಬೇಸ್ ನಿಜಕ್ಕೂ ಇಲ್ಲ. ಬಾರಿಸಿದ ಹುಡುಗ ಇದ್ದಾನೆ, ಸದ್ದು ಇಲ್ಲ. ಗಿಟಾರಿನ ಸದ್ದನ್ನು ದಪ್ಪ ಮಾಡಲು ಹೋಗಿ ತಗ್ಗಿನ ಸ್ವರ ನುಡಿಸುವ ಬೇಸಿನ ಜಾಗವನ್ನೂ ಅದಕ್ಕೇ ಕೊಟ್ಟುಬಿಟ್ಟಿದ್ದಾರೆ. ಇದು ಮಿಕ್ಸಿಂಗ್‌ನಲ್ಲಿ, ಅಂದರೆ ಎಲ್ಲ ವಾದ್ಯಗಳ ಸದ್ದನ್ನು ಹದವಾಗಿ ಸೇರಿಸುವಾಗ, ಆದ ತಪ್ಪು. ಪ್ರತಿ ವಾದ್ಯದ ಫೈಲ್ ಬೇರೆ ಬೇರೆ ಇಟ್ಟುಕೊಂಡಿದ್ದರೆ ಈಗಲೂ ಸರಿ ಮಾಡಬಹುದು.

"ನಾಲ್ಕನೇ ಹಾಡಿನಲ್ಲಿ ಡ್ರಮ್ಮರ್ ಓಡುತ್ತಾನೆ." ಅಕ್ಕ, ಈ ಒಂದು ಸಾಲಿಗಾಗಿ ನಾನು ಆ ವಿಮರ್ಶಕರಿಗೆ ಚಹಾ ಕುಡಿಸಲು ಸಿದ್ಧ. ಆ ಹಾಡಿನ ನಡುವೆ ಎಲ್ಲ ನಿಧಾನವಾಗುವ ಒಂದು ಜಾಗ ಬರುತ್ತದೆ. ಬ್ರೇಕ್‌ಡೌನ್ ಅನ್ನುತ್ತಾರೆ. ಅದು ಮುಗಿದು ವೇಗಕ್ಕೆ ಮರಳುವಾಗ ನಿಮ್ಮ ಮಗ ಉಳಿದವರಿಗಿಂತ ಕೂದಲೆಳೆಯಷ್ಟು ಮೊದಲು ಹೊರಡುತ್ತಾನೆ. ಸುಮ್ನೆ ಕೇಳಿದರೆ ಗೊತ್ತಾಗುವುದಿಲ್ಲ. ಅವರಿಗೆ ಗೊತ್ತಾಯಿತು. ಅಂದರೆ ಅವರು ಕೂತು ಕೇಳಿದ್ದಾರೆ.

ಇನ್ನು ಆ ಹೊಗಳಿಕೆಯನ್ನು ನೋಡಿ. ಕಿಚ್ಚು, ಪ್ರಾಮಾಣಿಕತೆ, ಬೀದಿಯ ದನಿ, ಮುಂಬೈಗೆ ಬೇಕಿದ್ದ ಸಿಟ್ಟು. ಒಂದು ಹಾಡಿನ ಹೆಸರಿಲ್ಲ. ಡ್ರಮ್ಸ್ ಎಂಬ ಶಬ್ದವೇ ಇಲ್ಲ. ಬ್ಯಾಂಡಿನ ಹೆಸರು ಅಳಿಸಿ ಬೇರೆ ಹೆಸರು ಬರೆದರೂ ನಡೆಯುತ್ತದೆ. ಮದುವೆ ಮನೆಯಲ್ಲಿ ಕೊಡುವ ತೆಂಗಿನಕಾಯಿ ಹಾಗೆ, ಬಂದವರಿಗೆಲ್ಲ ಒಂದೊಂದು. ನನ್ನ ಪೆನ್ಸಿಲ್ ಅದರಲ್ಲಿ ಒಂದೂವರೆ ಸಾಲು ಉಳಿಸಿತು. ಬೈದ ವಿಮರ್ಶೆಯಲ್ಲಿ ಏಳು ಸಾಲು ಉಳಿಯಿತು. ನಿಮ್ಮ ಮಗ ಇರುವುದು ಬೈದ ವಿಮರ್ಶೆಯಲ್ಲಿ. ಹೊಗಳಿದ್ದರಲ್ಲಿ ಅವನು ಇಲ್ಲವೇ ಇಲ್ಲ.

ಬಿಟ್ಟುಬಿಡು ಎಂದು ಹೇಳಬೇಡಿ. ಮುಂದಿನ ಸಲ ರೆಕಾರ್ಡ್ ಮಾಡುವಾಗ ಕಿವಿಯಲ್ಲಿ ಕ್ಲಿಕ್ (ಲಯ ತಪ್ಪದಂತೆ ಹೆಡ್‌ಫೋನಿನಲ್ಲಿ ಕೇಳಿಸುವ ಟಿಕ್ ಟಿಕ್ ಸದ್ದು) ಹಾಕಿಕೊಳ್ಳುತ್ತೀಯಾ ಎಂದು ಕೇಳಿ. ಅಮ್ಮನ ಬಾಯಲ್ಲಿ ಆ ಪ್ರಶ್ನೆ ಬಂದರೆ ಅವನು ದೋಸೆಗೆ ಕೈ ಹಾಕುವ ಸಂಭವ ಜಾಸ್ತಿ. ಅವನು ಬೇಡ ಎಂದರೂ ಆಶ್ಚರ್ಯವಿಲ್ಲ. ಕ್ಲಿಕ್ ಹಾಕಿದರೆ ಜೀವ ಹೋಗುತ್ತದೆ ಎಂದು ವಾದಿಸುವವರು ಇದ್ದಾರೆ. ನನಗೂ, ನಿಜ ಹೇಳಬೇಕೆಂದರೆ, ನಾಲ್ಕನೇ ಹಾಡಿನ ಆ ಓಟ ಇಷ್ಟವಾಯಿತು. ತಪ್ಪು ಹೌದು, ಇಷ್ಟವೂ ಹೌದು.

ಒಮ್ಮೆ ಅವರ ಗಿಗ್‌ಗೆ, ಅಂದರೆ ಎದುರೇ ಬಾರಿಸುವ ಕಾರ್ಯಕ್ರಮಕ್ಕೆ, ಹೋಗಿ. ಮೆಡಿಕಲ್ ಅಂಗಡಿಯಲ್ಲಿ ಕಿವಿಗೆ ಹಾಕುವ ಫೋಮ್ ಸಿಗುತ್ತದೆ, ತೆಗೆದುಕೊಂಡು ಹೋಗಿ. ಸ್ಟೇಜಿನ ಎದುರು ನಿಲ್ಲಬೇಡಿ, ಹುಡುಗರು ಒಬ್ಬರ ಮೇಲೊಬ್ಬರು ಬೀಳುತ್ತಾರೆ. ಹಿಂದೆ ಸೌಂಡ್ ಮಿಕ್ಸರ್ ಇರುವ ಕಡೆ ನಿಲ್ಲಿ. ಇಡೀ ಹಾಲಿನಲ್ಲಿ ಸದ್ದು ಚೆನ್ನಾಗಿ ಕೇಳುವುದು ಅಲ್ಲೇ.

ಪ್ರಶ್ನೆ: 17 ನಿಮಿಷಕ್ಕೆ ಆಲ್ಬಮ್ ಅನ್ನಬಹುದಾ? ಇಪಿ, ಅಂದರೆ ಆಲ್ಬಮ್ಮಿಗಿಂತ ಚಿಕ್ಕ ರೆಕಾರ್ಡ್, ಅಲ್ಲವಾ?
— ಓದುಗರು, ಠಾಣೆ

ಉತ್ತರ: ಬ್ಯಾಂಡಿನವರು ಏನೆಂದು ಕರೆದರೋ ಅದೇ. 1902ರಲ್ಲಿ ಕಲ್ಕತ್ತಾದಲ್ಲಿ ಗಾಯಕಿ ಗೌಹರ್ ಜಾನ್ ರೆಕಾರ್ಡ್ ಕೊಟ್ಟಾಗ ಗ್ರಾಮಫೋನ್ ತಟ್ಟೆಯಲ್ಲಿ ಸಿಗುತ್ತಿದ್ದದ್ದು ಮೂರು ನಿಮಿಷದ ಜಾಗ. ದೀರ್ಘವಾಗಿ ಹಾಡುವ ಹಿಂದುಸ್ತಾನಿ ಖಯಾಲನ್ನು ಅಷ್ಟರಲ್ಲೇ ಮುಗಿಸಿ, ಕೊನೆಗೆ ತನ್ನ ಹೆಸರನ್ನೂ ಕೂಗಿ ಹೇಳುತ್ತಿದ್ದರು. ಅಳತೆ ಹಿಡಿದು ಕೇಳುವವರು ಆಗಲೂ ಇದ್ದಿರಬೇಕು.

ಪ್ರಶ್ನೆ: ಸರ್, ನಾನು ಇಲ್ಲಿನ ಬ್ಯಾಂಡ್‌ಗಳ ಬಗ್ಗೆ ಸಣ್ಣ ವಿಮರ್ಶೆ ಬರೆಯುತ್ತೇನೆ. ಎಲ್ಲರೂ ಪರಿಚಯದವರು. ಪ್ರತಿ ಗಿಗ್‌ನಲ್ಲೂ ಅದೇ 60 ಮುಖಗಳು. ಗೆಳೆಯರ ಮೊದಲ ಆಲ್ಬಮ್ ಚೆನ್ನಾಗಿಲ್ಲದಿದ್ದರೆ ಹೇಗೆ ಬರೆಯುವುದು? ಸುಮ್ಮನಿರುವುದೇ ವಾಸಿಯಾ?
— ಓದುಗ, ಪುಣೆ

ಉತ್ತರ: ತಮ್ಮಾ, ನಿನ್ನ ಕಷ್ಟ ಗೊತ್ತು. ಇದೇ ಪುಟದಲ್ಲಿ ಡೊಂಬಿವಲಿಯ ಅಕ್ಕನಿಗೆ ಬರೆದದ್ದನ್ನು ಓದು. ಆ ಹೊಗಳಿಕೆ ಬರೆದವರೂ ನಿನ್ನ ಹಾಗೆ ಗೆಳೆಯರೇ ಇರಬೇಕು ಎಂದು ನನ್ನ ಅನುಮಾನ.

ಸುಮ್ಮನಿರಬೇಡ. ಸಣ್ಣ ಬ್ಯಾಂಡಿಗೆ ಬೈಗುಳಕ್ಕಿಂತ ಮೌನ ಹೆಚ್ಚು ನೋಯುತ್ತದೆ. ಅಮೆರಿಕದಲ್ಲಿ ಮ್ಯಾಕ್ಸಿಮಮ್ ರಾಕ್‌ನ್‌ರೋಲ್ ಎಂಬ ಪತ್ರಿಕೆ ಇತ್ತು. 1982ರಿಂದ 2019ರವರೆಗೆ ಅಚ್ಚಾಯಿತು. ಸಂಬಳವಿಲ್ಲದ ಹುಡುಗ ಹುಡುಗಿಯರು ನಡೆಸುತ್ತಿದ್ದರು. ಪಂಕ್ ರೆಕಾರ್ಡ್‌ಗಳ ಬಗ್ಗೆ ಕೆಲವೇ ಸಾಲಿನ ವಿಮರ್ಶೆಗಳು, ಪುಟಗಟ್ಟಲೆ. ಬರೆಯುವವರೂ ಬಾರಿಸುವವರೂ ಬಹಳ ಸಲ ಅದೇ ಗುಂಪಿನವರು. ಅಂಥ ಜಾಗದಲ್ಲಿ ಮರ್ಯಾದೆ ಉಳಿಸುವುದು ಒಂದೇ: ಹಾಡಿನ ಹೆಸರು, ಎಷ್ಟನೇ ಸೆಕೆಂಡು, ಅಲ್ಲಿ ಏನಾಯಿತು. "ಗಾಯಕ ಸುಸ್ತಾಗಿದ್ದಾನೆ" ಎಂದು ಬರೆದರೆ ಜಗಳ. "ಎಂಟನೇ ಹಾಡಿನ ಎರಡನೇ ಸುತ್ತಿನಲ್ಲಿ ಉಸಿರು ಸಾಲದೆ ಸಾಲಿನ ಕೊನೆ ನುಂಗಿದ್ದಾನೆ" ಎಂದು ಬರೆದರೆ ಅವನು ಹೋಗಿ ಕೇಳಿ ನೋಡುತ್ತಾನೆ. ಆಮೇಲೆ ಜಗಳಕ್ಕೆ ಬಂದರೂ ತಯಾರಾಗಿ ಬರುತ್ತಾನೆ.

ಗೆಳೆಯರು ಎಂಬುದನ್ನು ಮೊದಲ ಸಾಲಿನಲ್ಲೇ ಬರೆದುಬಿಡು. ಓದುವವನು ಎಷ್ಟು ಉಪ್ಪು ಹಾಕಿಕೊಳ್ಳಬೇಕೋ ಹಾಕಿಕೊಳ್ಳುತ್ತಾನೆ.

ಪ್ರಶ್ನೆ: ಕನ್ನಡ ಪತ್ರಿಕೆಯಲ್ಲಿ ಈ ಅರಚಾಟಕ್ಕೆ ಯಾಕೆ ಜಾಗ? ಇದು ನಮ್ಮದಲ್ಲ. ಹಾಡೂ ಅಲ್ಲ, ಬರೀ ಘೋಷಣೆ.
— ಹಿರಿಯ ಓದುಗರು, ವಾಸ್ಕೋ

ಉತ್ತರ: ರಾಯರೇ, ನಮ್ಮದಲ್ಲ ಎಂಬ ಮಾತು ಮುಂಬೈ ಮಟ್ಟಿಗೆ ಈಗ ನಿಲ್ಲುವುದಿಲ್ಲ. 1986ರಿಂದ ಧೋಬಿ ತಲಾವ್‌ನ ರಂಗಭವನದಲ್ಲಿ ಐ-ರಾಕ್ ಎಂಬ ರಾಕ್ ಜಾತ್ರೆ ನಡೆಯುತ್ತಿತ್ತು. ಅಂಗಡಿಯ ಬಾಗಿಲು ಹಾಕುವಾಗ ಅದರ ಸದ್ದು ನನ್ನ ಬೀಗದ ಕೈವರೆಗೂ ಬರುತ್ತಿತ್ತು. 2008ರಲ್ಲಿ ಸ್ಕ್ರೈಬ್ ಎಂಬ ಮುಂಬೈ ಹಾರ್ಡ್‌ಕೋರ್ ಬ್ಯಾಂಡಿನ ಮೊದಲ ಆಲ್ಬಮ್ ಬಂತು. ಮುಂದಿನ ಆಲ್ಬಮ್‌ಗಳಿಗೆ ಅವರು ಹಿಂದಿ ಸಿನಿಮಾದ ಖಳನಾಯಕರ ಹೆಸರನ್ನೇ ಇಟ್ಟರು. ಇದಕ್ಕಿಂತ ನಮ್ಮದು ಏನು ಬೇಕು?

ಘೋಷಣೆ ಎಂಬ ಮಾತಿಗೆ ಬಂದರೆ, ಅದನ್ನು ನಾವು ಮೊದಲೂ ಕೇಳಿದ್ದೇವೆ. 1975ರಲ್ಲಿ ಸಿದ್ಧಲಿಂಗಯ್ಯನವರ ಮೊದಲ ಕವನ ಸಂಕಲನ ಬಂತು. ಆಮೇಲೆ ಬಂದ ದಲಿತ, ಬಂಡಾಯ ಕಾವ್ಯಕ್ಕೆಲ್ಲ "ಇದು ಘೋಷಣೆ, ಕಾವ್ಯವಲ್ಲ" ಎಂದವರು ಬಹಳ ಮಂದಿ. ಆ ಸಿಟ್ಟಿನ ಹಿಂದೆ ಇದ್ದ ಹಸಿವು ಬೇರೆ, ಐರೋಲಿಯಲ್ಲಿ ಸಂಬಳ ತೆಗೆದುಕೊಳ್ಳುವ ಹುಡುಗರ ಸಿಟ್ಟು ಬೇರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡುವಷ್ಟು ದಡ್ಡ ನಾನಲ್ಲ. ಆದರೆ ಕೂಗಿದ ಕೂಡಲೇ ಕಿವಿ ಮುಚ್ಚಿಕೊಂಡವರ ಮಾತು ಮಾತ್ರ ಎರಡು ಕಡೆಯೂ ಒಂದೇ.

ಆ ಆಲ್ಬಮ್ಮಿನ ಆರನೇ ಹಾಡು ಒಂದೂವರೆ ನಿಮಿಷದ್ದು. ಕೇಳಿ ಪತ್ರ ಬರೆಯಿರಿ. ಬೈದರೂ ಅಚ್ಚು ಹಾಕುತ್ತೇನೆ. ಎಷ್ಟನೇ ಸೆಕೆಂಡಿಗೆ ಸಿಟ್ಟು ಬಂತು ಎಂದು ಮಾತ್ರ ತಪ್ಪದೆ ತಿಳಿಸಿ.