ಕೀಸ್ಟೋನ್ ಎಕ್ಸ್‌ಎಲ್ ಪೈಪ್‌ಲೈನ್‌ನ ಪರಿಸರ ವರದಿಯನ್ನು ಅಮೆರಿಕದ ವಿದೇಶಾಂಗ ಇಲಾಖೆ ಬರೆದದ್ದೇಕೆ?

ಪೈಪ್‌ಲೈನ್ ದೇಶದ ಗಡಿ ದಾಟುತ್ತಿತ್ತು, ಅದಕ್ಕೇ. ಕೆನಡಾದ ಆಲ್ಬರ್ಟಾದಿಂದ ಅಮೆರಿಕದ ನೆಬ್ರಾಸ್ಕಕ್ಕೆ ದಿನಕ್ಕೆ 8.3 ಲಕ್ಷ ಬ್ಯಾರೆಲ್ ಕಚ್ಚಾತೈಲ ಸಾಗಿಸುವ ಯೋಜನೆಯದು. ಇಂಥದ್ದಕ್ಕೆ ಅಧ್ಯಕ್ಷರ ಪರವಾನಗಿ ಬೇಕು. 2004ರ ಆದೇಶದಂತೆ ಆ ಅರ್ಜಿ ಹೋಗುತ್ತಿದ್ದದ್ದು ವಿದೇಶಾಂಗ ಇಲಾಖೆಗೆ. ಅರ್ಜಿ ಯಾರ ಮುಂದಿದೆಯೋ ಪರಿಸರ ವರದಿಯ ಹೊಣೆಯೂ ಅವರದೇ.

ಇಂಥ ವರದಿಯ ಜೀವಾಳ ಒಂದು ಹೋಲಿಕೆ: ಪೈಪ್ ಹಾಕಿದರೆ ಏನಾಗುತ್ತದೆ, ಹಾಕದಿದ್ದರೆ ಏನಾಗುತ್ತದೆ? ಪೈಪ್ ಇಲ್ಲದಿದ್ದರೂ ತೈಲ ರೈಲಿನಲ್ಲಿ ಬರುತ್ತದೆ, ಹಾಗಾಗಿ ಆಲ್ಬರ್ಟಾದಲ್ಲಿ ತೈಲ ತೆಗೆಯುವ ಪ್ರಮಾಣ ಇದರಿಂದ ಹೆಚ್ಚು ಬದಲಾಗುವ ಸಂಭವವಿಲ್ಲ ಎಂದಿತು 2014ರ ವರದಿ. ಜಗಳವೆಲ್ಲ ಈ ಊಹೆಯದೇ. ತೈಲದ ಬೆಲೆ ಕುಸಿದರೆ ದುಬಾರಿ ರೈಲು ಸಾಗಣೆ ಗಿಟ್ಟುವುದಿಲ್ಲ, ಲೆಕ್ಕವೇ ಬದಲಾಗುತ್ತದೆ. 2015ರಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯೂ ಈ ಮಾತೆತ್ತಿತು. ನನಗೆ ಅದು ನ್ಯಾಯವಾದ ಆಕ್ಷೇಪವೆನಿಸುತ್ತದೆ.

ಹಲವರು ತಪ್ಪಾಗಿ ತಿಳಿದಂತೆ ವರದಿ ಅನುಮತಿಯೂ ಅಲ್ಲ, ತಡೆಯಾಜ್ಞೆಯೂ ಅಲ್ಲ. ತೀರ್ಮಾನಕ್ಕೆ ಮೊದಲು ಪರಿಣಾಮ ತಿಳಿದಿರಲಿ ಎಂಬುದಷ್ಟೇ ಕಾನೂನಿನ ಬೇಡಿಕೆ. ಅದೇ ವರದಿಯನ್ನು ಮುಂದಿಟ್ಟುಕೊಂಡು 2015ರಲ್ಲಿ ಒಬಾಮ ಸರ್ಕಾರ ಪರವಾನಗಿ ನಿರಾಕರಿಸಿತು, 2017ರಲ್ಲಿ ಟ್ರಂಪ್ ಸರ್ಕಾರ ಕೊಟ್ಟಿತು. 2021ರ ಜನವರಿಯಲ್ಲಿ ಬೈಡನ್ ಪರವಾನಗಿ ರದ್ದುಮಾಡಿದರು. ಜೂನ್‌ನಲ್ಲಿ ಕಂಪನಿಯೇ ಯೋಜನೆ ಕೈಬಿಟ್ಟಿತು.