ಬೋರಿನ ಹತ್ತಿರ ಜೋರು, ಹೊಂಡದ ಹತ್ತಿರ ಸಣ್ಣಧಾರೆ: ದೊಡ್ಡ ಮೋಟರ್ ಹಾಕಲೇ?

ಬೋರಿನಿಂದ ಕೃಷಿಹೊಂಡಕ್ಕೆ 600 ಮೀಟರ್, ಪೈಪ್ 2 ಇಂಚು ಅಂದರೆ 63 ಎಂಎಂನದು, ಹೊಂಡಕ್ಕೆ ನೀರು ಸರಿಯಾಗಿ ಬೀಳುತ್ತಿಲ್ಲ, ಮೋಟರ್ ಬದಲಿಸಲೇ ಅಂತ ಕೇಳಿದ್ದೀರಿ. ಬೇಡ. ಕುಷ್ಟಗಿ ಹತ್ತಿರ ನಮ್ಮ ದಾಳಿಂಬೆ ತೋಟದಲ್ಲೂ ಇದೇ ಗೋಳಿತ್ತು.

ಪೈಪ್ ಎಲ್ಲೂ ಸೋರದಿದ್ದರೆ ನೀರು ದಾರಿಯಲ್ಲಿ ಕಮ್ಮಿ ಆಗುವುದಿಲ್ಲ. ಗೋಡೆಗೆ ಉಜ್ಜಿ ಹರಿಯುವಾಗ ಒತ್ತಡ ಕರಗುತ್ತದೆ. ಮೋಟರಿಗೆ ಅದು ಇನ್ನಷ್ಟು ಆಳದಿಂದ ನೀರು ಎತ್ತಿದ ಹಾಗೆ, ಅದಕ್ಕೇ ಅದು ಬೋರಿನಿಂದಲೇ ಕಮ್ಮಿ ಎತ್ತುತ್ತದೆ. ನಾನು ಬೋರಿನ ಹತ್ತಿರ ಪೈಪ್ ಬಿಚ್ಚಿ 200 ಲೀಟರ್ ಡ್ರಮ್ ಇಟ್ಟಾಗ 50 ಸೆಕೆಂಡಿಗೆ ತುಂಬಿತು, ಪೈಪ್ ಜೋಡಿಸಿ ಹೊಂಡದ ಕಡೆ ಇಟ್ಟರೆ 70 ಸೆಕೆಂಡ್ ದಾಟಿತು. ನೀವೂ ಮೊದಲು ಇದನ್ನು ಮಾಡಿ, ಖರ್ಚಿಲ್ಲ.

ಲೆಕ್ಕ ಹೀಗಿದೆ. ನಿಮಿಷಕ್ಕೆ 240 ಲೀಟರ್ ಹರಿಯಬೇಕಾದರೆ 600 ಮೀಟರ್ ಉದ್ದದ 63 ಎಂಎಂ ಪಿವಿಸಿ ಪೈಪೇ ಸುಮಾರು 22 ಮೀಟರ್ ಎತ್ತರದಷ್ಟು ಒತ್ತಡ ತಿನ್ನುತ್ತದೆ. ಅದೇ ನೀರಿಗೆ 90 ಎಂಎಂ, ನಮ್ಮ ಕಡೆ 3 ಇಂಚು ಅನ್ನುತ್ತೇವಲ್ಲ, ಅದು 4 ಮೀಟರ್ ಕೂಡ ತಿನ್ನುವುದಿಲ್ಲ. ದೊಡ್ಡ ಮೋಟರ್ ಹಾಕಿ ಅದೇ ಪೈಪಿನಲ್ಲಿ ಎರಡರಷ್ಟು ನೀರು ನುಗ್ಗಿಸಿದರೆ ಒತ್ತಡದ ನಷ್ಟ ಹೆಚ್ಚುಕಮ್ಮಿ ನಾಲ್ಕು ಪಟ್ಟು, ಅಷ್ಟು ನೀರು ಬೋರಿನಲ್ಲಿರಬೇಕು ಅನ್ನುವುದು ಬೇರೆ ಮಾತು!

ಊರಲ್ಲಿ ಎಲ್ಲರೂ ಬೈಯುವುದು ಬೆಂಡುಗಳನ್ನು, ಅಂದರೆ ಪೈಪ್ ತಿರುಗುವ ಕಡೆ ಹಾಕುವ ಬಾಗಿದ ತುಂಡುಗಳನ್ನು. ನಾನೂ ಸುಮ್ನೆ ಎರಡು ದಿನ ಅಗೆದು ಬೆಂಡು ಕಿತ್ತೆ. ಅಷ್ಟೇ ನೀರು ಹರಿಯುವಾಗ ಒಂದು 90 ಡಿಗ್ರಿ ಬೆಂಡು ತಿನ್ನುವುದು ಸುಮಾರು 10 ಸೆಂಟಿಮೀಟರ್, ಹತ್ತು ಬೆಂಡಿಗೆ 1 ಮೀಟರ್. 22ರ ಮುಂದೆ ಅದೇನು ಮಹಾ? ಮನೆಯೊಳಗಿನ ಗಿಡ್ಡ ಲೈನಿನಲ್ಲಾದರೆ ಬೆಂಡಿನ ಲೆಕ್ಕ ಜಾಸ್ತಿ. ಆದರೆ ಗೇಟ್ ವಾಲ್ವ್ ನೋಡಿ, ಪೂರ್ತಿ ತೆರೆದಿದ್ದರೆ ತೊಂದರೆಯಿಲ್ಲ, ಕಾಲು ಭಾಗ ಮಾತ್ರ ತೆರೆದಿದ್ದರೆ ಅದೊಂದೇ 2 ಮೀಟರ್ ನುಂಗಬಹುದು.

ನಾನು ಹಳೇ ಪೈಪ್ ಕೀಳಲಿಲ್ಲ. ಪಕ್ಕದಲ್ಲೇ ಇನ್ನೊಂದು 63 ಎಂಎಂ ಎಳೆದು ಎರಡೂ ತುದಿಯಲ್ಲಿ ಟೀ, ಅಂದರೆ ಮೂರು ಬಾಯಿಯ ಜೋಡಣೆ ತುಂಡು, ಹಾಕಿ ಸೇರಿಸಿದೆ. ನೀರು ಅರ್ಧರ್ಧ ಹಂಚಿಕೊಂಡು ನಷ್ಟ 6-7 ಮೀಟರಿಗೆ ಇಳಿಯಿತು. ಹೊಸದಾಗಿ ಹಾಕುವವರು ಮಾತ್ರ ನೇರವಾಗಿ 90 ಎಂಎಂ ಹಾಕಿಬಿಡಿ. ಅಂದು ಅಂಗಡಿಯವರು 2 ಇಂಚು ಸಾಕು ಅಂದರು, ನಾನೂ ಅಗ್ಗ ಅಂತ ತಲೆಯಾಡಿಸಿದೆ.

ಒಂದು ವಿಷಯ ನೀವು ಬರೆದಿಲ್ಲ. ಹೊಂಡ ಬೋರಿಗಿಂತ ಎಷ್ಟು ಏರಿನಲ್ಲಿದೆ? ಅದು 10 ಮೀಟರ್ ಇದ್ದರೆ ಎಷ್ಟೇ ದಪ್ಪ ಪೈಪ್ ಹಾಕಿದರೂ ಆ 10 ಮೀಟರ್ ಎತ್ತಲೇಬೇಕು. ಅಳೆದು ಹೇಳಿ, ಲೆಕ್ಕ ಹಾಕೋಣ.